ನೈಋತ್ಯದ ಕುರುಡು ಕಿಟಕಿ

ಆಂಟಿಯ ಬಲಗೈ ಕಿರುಬೆರಳಿನ ಅಂಚು ಸದಾ ಪೆನ್ಸಿಲ್ ಪುಡಿ ಹತ್ತಿ ಕಪ್ಪಾಗಿರುತ್ತಿತ್ತು. ಯುಗಾದಿಗೆ ಊಟಕ್ಕೆ ಕರೆದು ಹೋಳಿಗೆ ಬಡಿಸುವಾಗಲೂ ಆ ಕಪ್ಪು ಹೋಗಿರುತ್ತಿರಲಿಲ್ಲ. ಡಲ್ಲಾಸ್‌ನ ನಮ್ಮ ಪುಟ್ಟ ಆರ್ಕಿಟೆಕ್ಟ್ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ನಾನು ಮೈಸೂರಿನವಳು, ಅವರು ಬೆಳಗಾವಿಯವರು, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಕಂಪ್ಯೂಟರ್ ಮುಟ್ಟುವ ಮೊದಲು ಎಲ್ಲ ನಕ್ಷೆಗಳನ್ನೂ ಕೈಯಲ್ಲೇ ಬರೆಯುತ್ತಿದ್ದರು. ಆ ಕೈ ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ?

ಡಲ್ಲಾಸ್ ಪಕ್ಕದ ಪ್ರಾಸ್ಪರ್‌ನಲ್ಲಿ ಆರು ಸಾಲುಮನೆಗಳ ಕೆಲಸ ಬಂತು. ಲಂಡನ್ನಿನಲ್ಲಿ ಜಾರ್ಜ್ ದೊರೆಗಳ ಕಾಲದಲ್ಲಿ ಕಟ್ಟಿದ ಮನೆಗಳ ಹಾಗೆಯೇ ಇರಬೇಕೆಂದು ಬಿಲ್ಡರ್‌ನ ಆಸೆ: ಗೋಡೆಗೆ ಗೋಡೆ ಅಂಟಿದ, ಮೂರಂತಸ್ತಿನ ಇಟ್ಟಿಗೆ ಮನೆಗಳು. ಅದು ನನ್ನ ಹೆಸರಿನ ಮೊದಲ ಕೆಲಸವಾಗಬೇಕಿತ್ತು. ಮೂರು ವಾರ ಕೂತು ನಕ್ಷೆ ಬರೆದೆ. ಬಿಲ್ಡರ್ ನೋಡಿ, ಹೋಟೆಲ್ ಇದ್ದ ಹಾಗಿದೆ ಎಂದ. ಆಗ ಆಂಟಿ ನನ್ನ ನಕ್ಷೆಯ ಮೇಲೆ ತೆಳು ಕಾಗದ ಹಾಸಿ ಪೆನ್ಸಿಲ್ ಹಿಡಿದರು.

“ಎಲ್ಲಾ ಕಿಟಕಿ ಒಂದ ಎತ್ತರ ಮಾಡೀಯಲ್ಲವಾ. ನಡುವಿನ ಮಾಳಿಗಿ ದೊಡ್ಡೋರು ಕೂಡೋ ಜಾಗ, ಅಲ್ಲಿ ಉದ್ದನ್ನ ಕಿಟಕಿ. ಮ್ಯಾಲ ಆಳುಗಳು ಮಲಗ್ತಿದ್ರು, ಅಲ್ಲಿ ಗಿಡ್ಡ.”

ಹತ್ತೇ ನಿಮಿಷ. ಲಂಡನ್ನಿನಲ್ಲಿ ಹನ್ನೆರಡು ವರ್ಷ ಅಂಥ ಮನೆಗಳನ್ನೇ ದುರಸ್ತಿ ಮಾಡಿಸಿದ್ದವರು ಅವರು. ಬಾಸ್ ಕೆಲಸವನ್ನು ಅವರಿಗೇ ಕೊಟ್ಟರು. “ತುಂಬಾ ಚೆನ್ನಾಗಿದೆ ಆಂಟಿ” ಅಂದೆ. ಒಳಗೊಳಗೇ ಉರಿದುಹೋಗಿದ್ದೆ.

ಆರನೆಯ ಮನೆ ಕೊಂಡವರು ಬೆಂಗಳೂರಿನ ದಂಪತಿ. ಮಲಗುವ ಕೋಣೆಯ ನೈಋತ್ಯ ಮೂಲೆಯಲ್ಲಿ ಕಿಟಕಿ ಇದ್ದರೆ ವಾಸ್ತು ಕೆಡುತ್ತದಂತೆ. “ಅದೊಂದು ತೆಗೆದ್ಬಿಡಿ ಮೇಡಂ, ಪ್ಲೀಸ್” ಎಂದು ನನಗೆ ಫೋನ್ ಮಾಡಿದರು. ಆಂಟಿ ಆಗ ರಜೆ ಹಾಕಿ ಪೇರ್ಲ್ಯಾಂಡ್‌ನ ಮಗಳ ಮನೆಯಲ್ಲಿದ್ದರು. ಒಂದು ಕಿಟಕಿ ಹೋದರೆ ಇಡೀ ಸಾಲು ಕೆಡುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಕ್ಷೆಯಿಂದ ಅದನ್ನು ಅಳಿಸಿದೆ. ಆಂಟಿಗೆ ಹೇಳಲಿಲ್ಲ. ಕೆಟ್ಟರೆ ಅವರ ಹೆಸರು ಕೆಡಲಿ ಅಂದುಕೊಂಡೆ.

ಕಟ್ಟಿದ ಮೇಲೆ ಆ ಗೋಡೆ ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಬಿಲ್ಡರ್ ಆಂಟಿಯ ಮೇಲೆ ಕೂಗಾಡಿದ. ನಕ್ಷೆಯ ಮೂಲೆಯಲ್ಲಿ ತಿದ್ದಿದವರ ಇನಿಷಿಯಲ್ ಇರುತ್ತದೆ. ಆಂಟಿ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕಿಟಕಿ ಇರಬೇಕಾಗಿದ್ದಷ್ಟು ಜಾಗದ ಇಟ್ಟಿಗೆ ಬಿಚ್ಚಿಸಿ, ಎರಡಿಂಚು ಒಳಕ್ಕೆ ಮತ್ತೆ ಕಟ್ಟಿಸಿದರು. ಕೆಳಗೊಂದು ಕಲ್ಲಿನ ಪಟ್ಟಿ, ಮೇಲೊಂದು ಇಟ್ಟಿಗೆ ಕಮಾನು.

“ಲಂಡನ್ನಿನ ಹಳೇ ಮನಿಗೂ ಹಿಂಗ ಮಾಡ್ತಿದ್ರು. ಕುರುಡು ಕಿಟಕಿ. ಒಳಗಿನವರಿಗೆ ಗ್ವಾಡಿ, ಬೀದಿಯವರಿಗೆ ಕಿಟಕಿ.”

ಬಿಲ್ಡರ್‌ಗೆ ಎಷ್ಟು ಹಿಡಿಸಿತೆಂದರೆ, ಯಾರ ಐಡಿಯಾ ಎಂದು ಕೇಳಿದ. ಆಂಟಿ ನನ್ನ ಕಡೆ ಕೈ ತೋರಿಸಿದರು. ನಾನು ಅವನ ಕೈ ಕುಲುಕಿದೆ. ವಾಪಸು ಬರುವಾಗ ಕಾರಿನಲ್ಲಿ, “ಯಾಕೆ ಹಾಗಂದ್ರಿ ಆಂಟಿ?” ಅಂದೆ.

“ಈ ಸಾಲು ನಿಂದ ಆಗಬೇಕಿತ್ತು, ನನಗ ಗೊತ್ತದ. ಸುಮ್ನ ಡ್ರೈವ್ ಮಾಡು.”

ಮುಂದೆ ಆಸ್ಟಿನ್‌ನಲ್ಲಿ ದೊಡ್ಡ ಕೆಲಸದ ಸಂದರ್ಶನಕ್ಕೆ ಹೋದಾಗ ಆ ಕಿಟಕಿಯ ಫೋಟೋ ತೋರಿಸಿ, ನನ್ನದು ಎಂದೆ. ಕೆಲಸ ಸಿಕ್ಕಿತು. ಹೋದ ವರ್ಷ ಆಂಟಿ ಪೇರ್ಲ್ಯಾಂಡ್‌ನಲ್ಲಿ ತೀರಿಕೊಂಡರು. ಅವರ ಕೈ ನನಗೆ ಬರಲಿಲ್ಲ, ಆ ಮನಸ್ಸೂ ಬರಲಿಲ್ಲ. ಎರಡಕ್ಕೂ ಈಗಲೂ ಹೊಟ್ಟೆ ಉರಿಯುತ್ತದೆ. ಆ ಕಿಟಕಿ ಆಂಟಿಯದು. ಅವರು ಪಕ್ಕದಲ್ಲಿ ನಿಂತಿದ್ದಾಗಲೇ ಬಿಲ್ಡರ್‌ಗೆ ಇಷ್ಟು ಹೇಳಬೇಕಿತ್ತು.