ಪ್ಲಾಟಿನಂ ತಂತಿ ತೆಗೆಸಿದ ಮೇಡಂ

ಮೇಡಂ ಅವರ ಬಲಗೈ ಬೆರಳ ತುದಿಗಳು ಸದಾ ಕಂದಾಗಿರುತ್ತಿದ್ದವು. ಮ್ಯಾಂಗನೀಸಿನ ಲವಣವಾದ ಪರ್ಮಾಂಗನೇಟಿನ ಕಲೆ, ಯಾವ ಸೋಪಿಗೂ ಜಗ್ಗದು. ಅಜ್ಜಂಪುರದಿಂದ ತರೀಕೆರೆಗೆ ಬರುವ ಬಸ್ಸಿನಲ್ಲಿ ಯಾರೋ ಹೆಂಗಸು ಅದನ್ನು ಮದರಂಗಿ ಎಂದುಕೊಂಡು, "ಯಾರ ಮದ್ವೆಗೆ ಹೋಗಿದ್ರಿ?" ಎಂದು ಕೇಳಿದರಂತೆ. "ನಂದೇ ಕಣ್ರೀ, ಮ್ಯಾಂಗನೀಸ್ ಜೊತೆ" ಎಂದರಂತೆ ಮೇಡಂ. ಮದುವೆಯಾಗದೆ ಅಣ್ಣನ ಮನೆಯಲ್ಲಿದ್ದ ಅವರು ಇದನ್ನು ಹೇಳಿಕೊಂಡು ತಾವೇ ನಗುತ್ತಿದ್ದರು.

ತರೀಕೆರೆಯ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು, ನನ್ನ ಪಿಎಚ್.ಡಿ.ಗೆ ಅವರೇ ಮಾರ್ಗದರ್ಶಕಿ. ನಾನು ಕಡೂರಿನಿಂದ ರೈಲಿನಲ್ಲಿ ಹೋಗಿಬರುತ್ತಿದ್ದೆ. ಹೈಡ್ರೋಜನ್ನನ್ನು ಗಾಳಿಯ ಆಕ್ಸಿಜನ್ ಜೊತೆ ಕೂಡಿಸಿ ಕರೆಂಟು ತೆಗೆಯುವ ಸಾಧನಕ್ಕೆ ಫ್ಯುಯೆಲ್ ಸೆಲ್ ಎನ್ನುತ್ತಾರೆ. ಅದರಲ್ಲಿ ಆಕ್ಸಿಜನ್ ಬೇಗ ಕೆಲಸಕ್ಕಿಳಿಯುವುದಿಲ್ಲ. "ಸೋಮಾರಿ ಕಣೋ ಅದು. ಎಬ್ಬಿಸೋಕೆ ಪ್ಲಾಟಿನಂ ಬೇಕು ಅಂತಾರೆ. ಅದು ಸಾವ್ಕಾರ್ರ ಮನೆ ಮಾತು. ನಾವು ತುಕ್ಕಲ್ಲೇ ಎಬ್ಬಿಸ್ಬೇಕು" ಎನ್ನುತ್ತಿದ್ದರು. ತುಕ್ಕೆಂದರೆ ಲೋಹದ ಆಕ್ಸೈಡ್, ನಮ್ಮದು ಮ್ಯಾಂಗನೀಸಿನದು. ಆಮ್ಲದಲ್ಲಿ ಬಾಳದ ಅದು ಕ್ಷಾರದಲ್ಲಿ ಬಾಳುತ್ತದೆ ಎಂಬುದನ್ನೇ ಅವರು ಬದುಕಿಡೀ ನೆಚ್ಚಿಕೊಂಡಿದ್ದರು.

ನನ್ನ ಕೊನೆಯ ವರ್ಷ ಆ ಆಕ್ಸೈಡಿನ ನಮ್ಮ ಪುಡಿ ಪ್ಲಾಟಿನಂಗೆ ಸರಿಸಮನಾಗಿ ನಿಂತಿತು. ಅದರ ಬಗ್ಗೆ ಬರೆದ ಲೇಖನಕ್ಕೆ ವಿಜ್ಞಾನ ಪತ್ರಿಕೆಯೊಂದರ ಒಪ್ಪಿಗೆ ಸಿಕ್ಕಿತು, ಕಾಲೇಜಿನಲ್ಲಿ ಹಾರ ಹಾಕಿದರು. ಅಷ್ಟರಲ್ಲಾಗಲೇ ಮೇಡಂ ಅವರಿಗೆ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಇದನ್ನಾದರೂ ನೋಡಿದರಲ್ಲ ಎಂದು ನಾವೆಲ್ಲ ಸಮಾಧಾನಪಟ್ಟುಕೊಂಡೆವು. ಅವರೊಬ್ಬರಿಗೆ ಸಮಾಧಾನವಿರಲಿಲ್ಲ, ಏಕೆಂದರೆ ಪರೀಕ್ಷೆ ಓಡಿಸಿದಷ್ಟೂ ಪುಡಿ ಚುರುಕಾಗುತ್ತಿತ್ತು.

"ಉಳ್ತಾ ಉಳ್ತಾ ಚುರುಕಾಗೋ ಎತ್ತು ಕಂಡಿದ್ದೀಯೇನೋ? ಅಮೃತಮಹಲ್ ಎತ್ತೂ ಸಂಜೆಗೆ ದಣೀತದೆ" ಎಂದರು.

ಪರೀಕ್ಷೆಯ ಪಾತ್ರೆಯಲ್ಲಿ, ಕರೆಂಟಿನ ಸುತ್ತು ಪೂರೈಸಲು, ಪುಡಿಯ ಎದುರಿಗೆ ಪ್ಲಾಟಿನಂ ತಂತಿ ಇಳಿಬಿಡುವುದು ರೂಢಿ. ಮೇಡಂ ಅದನ್ನು ತೆಗೆಸಿದರು. ಹೊಸ ಪುಡಿ ಹಚ್ಚಿಸಿ, ಎದುರಿಗೆ ಇಂಗಾಲದ ಕಡ್ಡಿ ಇಡಿಸಿದರು. ಕರೆಂಟು ನೆಲ ಕಚ್ಚಿತು. ಇಷ್ಟು ದಿನ ತಂತಿಯ ಪ್ಲಾಟಿನಂ ಕಣಕಣವಾಗಿ ಕರಗಿ, ನಮ್ಮ ಪುಡಿಯ ಮೇಲೆ ಕೂತು, ತಾನೇ ಕೆಲಸ ಮಾಡುತ್ತಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ನನಗೆ ಅಳು ಬಂತು. "ಮೇಡಂ, ಇದು ನಿಮ್ಮ ಕೊನೇ ಲೇಖನ" ಎಂದೆ.

"ಹೌದು ಕಣೋ. ಅದಕ್ಕೇ" ಎಂದರು. ಅವತ್ತೇ ಲೇಖನವನ್ನು ಹಿಂದಕ್ಕೆ ಪಡೆದೆವು.

ಪುಡಿಗೆ ತುಸು ನಿಕ್ಕಲ್ ಬೆರೆಸಿ ಮತ್ತೆ ಶುರು ಮಾಡಿದೆವು. ಮೇಡಂ ಚಿಕಿತ್ಸೆಯ ನಡುವೆ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ತಲೆಗೆ ಹತ್ತಿಯ ಸ್ಕಾರ್ಫು, ಮಾತು ಮಾತ್ರ ಹಳೆಯದೇ. ಪುಡಿ ಮೊದಲಿಗಿಂತ ವಾಸಿಯಾಯಿತು, ಪ್ಲಾಟಿನಂನ ಮಟ್ಟ ಮಾತ್ರ ದೂರವೇ ಉಳಿಯಿತು. ಅಷ್ಟರಲ್ಲಿ ಮೇಡಂ ಹೋದರು.

ತಿಥಿಯ ದಿನ ಅಜ್ಜಂಪುರದಲ್ಲಿ ಅವರ ಅಣ್ಣ ನನ್ನನ್ನು ತೆಂಗಿನ ತೋಟದ ಬದಿಗೆ ಕರೆದೊಯ್ದರು.

"ನಿಜ ಹೇಳಪ್ಪಾ. ನನ್ ತಂಗಿ ಹಿಡಿದ ಕೆಲ್ಸ ಗೆದ್ತಾ?"

ಆ ಮುಖ ನೋಡಿದರೆ ಹೌದು ಎಂದುಬಿಡಬೇಕು ಎನಿಸಿತು.

"ಇನ್ನೂ ಇಲ್ಲ ಅಣ್ಣಾ. ಸ್ವಲ್ಪ ಮುಂದೆ ಹೋಗಿದೆ, ಅಷ್ಟೇ" ಎಂದೆ.

ಅವರು ಟವಲಿನಿಂದ ಕಣ್ಣೊರೆಸಿಕೊಂಡು, ನನ್ನ ಭುಜದ ಮೇಲೆ ಕೈಯಿಟ್ಟರು.

"ಬೆಳಗ್ಗಿಂದ ಬಂದೋರೆಲ್ಲಾ ಗೆದ್ತು ಅಂದ್ರು ಕಣಪ್ಪಾ. ಅವಳು ಮಾತ್ರ ಹಿಂಗೇ ಅಂದಿದ್ಲು."