ಎಂಟು ಗಂಟೆಯ ಹನಿ

ಇದು ನಿಜವಾಗಿ ನಡೆದದ್ದು. ಕಟ್ಟಿ ಹೇಳುವುದಾಗಿದ್ದರೆ ನನಗೆ ನಾನೇ ಇದಕ್ಕಿಂತ ಮರ್ಯಾದೆಯ ಪಾತ್ರ ಕೊಟ್ಟುಕೊಳ್ಳುತ್ತಿದ್ದೆ. ಓದಿದ ಮೇಲೆ ನಿಮಗೆ ಹೆದರಿಕೆಯಾಗುತ್ತದೋ ಇಲ್ಲವೋ ತಿಳಿಯದು. ನನಗಂತೂ ಬರೆಯುವಾಗ ಹೆದರಿಕೆಯನ್ನು ಹಿಂದೆ ತಳ್ಳಿ ನಾಚಿಕೆಯೇ ಮುಂದೆ ಬಂದು ನಿಲ್ಲುತ್ತಿದೆ.

ಹೋದ ವರ್ಷ, ನೈರೋಬಿಯಲ್ಲಿ, ನನ್ನ ಬಲಗಣ್ಣಿನ ರೆಟಿನಾ ಕಳಚಿಕೊಂಡಿತು. ಎಡಗಣ್ಣು ಹುಟ್ಟಿದಾಗಿನಿಂದ ಅಲಂಕಾರಕ್ಕೆ ಮಾತ್ರ ಇದೆ. ಬೆಳಕು ಯಾವುದು ಕತ್ತಲೆ ಯಾವುದು ಎಂದು ಹೇಳುವುದಕ್ಕಿಂತ ಹೆಚ್ಚಿನ ಜವಾಬ್ದಾರಿಯನ್ನು ಅದು ಎಂದೂ ವಹಿಸಿಕೊಂಡದ್ದಿಲ್ಲ. ಆಪರೇಷನ್ ಮಾಡಿ ಬಲಗಣ್ಣಿನೊಳಗೆ ಗ್ಯಾಸಿನ ಗುಳ್ಳೆ ಬಿಟ್ಟರು. ಅದು ಕರಗುವವರೆಗೆ ವಿಮಾನ ಹತ್ತುವಂತಿಲ್ಲ. ಎರಡು ವಾರ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಯಾರಿಗೂ ತಲೆ ಬಾಗದವನು ಎಂದು ಆಫೀಸಿನಲ್ಲಿ ಹೆಸರಾಗಿದ್ದ ನಾನು ಊಟದ ಮೇಜಿನ ಮೇಲೊಂದು ದಿಂಬಿಟ್ಟು, ಅದಕ್ಕೆ ಹಣೆ ಹಚ್ಚಿ ಕುಳಿತೆ.

ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು. ಕಡೆಯದು ರಾತ್ರಿ ಎಂಟಕ್ಕೆ. "ಒಂದು ತಪ್ಪಿದರೂ, ಸೋಂಕು ಹತ್ತಿದರೂ ಈ ಕಣ್ಣು ನಿಮ್ಮದಲ್ಲ" ಎಂದು ಡಾಕ್ಟರು ಹೇಳಿದ್ದರು. ನಾನೇ ಹಾಕಿಕೊಳ್ಳಲು ನೋಡಿದೆ. ಮೂರು ಹನಿ ಮೀಸೆಗೆ ಬಿತ್ತು.

ಹೆಂಡತಿ ವಿಮಲಾ ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿದ್ದಳು. ಸ್ಪ್ರಿಂಗ್ ವ್ಯಾಲಿಯ ಆ ಹಳೆಯ ಮರದ ನೆಲದ ಮನೆಯಲ್ಲಿ ನನ್ನ ಕಣ್ಣಿನ ಜವಾಬ್ದಾರಿ ಹೊತ್ತವಳು ಮನೆಗೆಲಸದ ಆಗ್ನೆಸ್. ಐವತ್ತರ ಆಸುಪಾಸಿನ ಹೆಂಗಸು, ಎಂಟು ವರ್ಷದಿಂದ ನಮ್ಮಲ್ಲೇ ಇದ್ದಳು. ಹಿಂದಿನ ಕೋಣೆಯಲ್ಲಿ ವಾಸ. ನನ್ನನ್ನು 'ಮ್ಜೇ' ಎನ್ನುತ್ತಿದ್ದಳು. ಅಲ್ಲಿ ಹಿರಿಯರನ್ನು ಹಾಗೆನ್ನುತ್ತಾರೆ. ಅವಳು ಇಂಗ್ಲಿಷು, ಸ್ವಾಹಿಲಿ ಬೆರೆಸಿ ಆಡಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ನಮ್ಮ ಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ವಿಮಲಾಳ ಕಟ್ಟಪ್ಪಣೆ ಅದು. ಹಾಗಾಗಿ ಆಗ್ನೆಸ್ ಬರುವುದು ಹೋಗುವುದು ನನಗೆ ಕೇಳಿಸುತ್ತಲೇ ಇರಲಿಲ್ಲ. ಹತ್ತಿರ ಬಂದಾಗ ಈರುಳ್ಳಿ, ಬಟ್ಟೆ ಸೋಪಿನ ವಾಸನೆ ಬರುತ್ತಿತ್ತು. ಆಮೇಲೆ ಮೆಲ್ಲಗೆ, "ಮ್ಜೇ... ಮಾಚೊ." ಮಾಚೊ ಎಂದರೆ ಕಣ್ಣು. ಹಾಗೆಂದು ಹೇಳದೆ ಅವಳು ನನ್ನ ರೆಪ್ಪೆ ಮುಟ್ಟಿದ್ದೇ ಇಲ್ಲ.

ಶುಕ್ರವಾರ ಸಂಜೆ ಊರಿನ ಇನ್ನೊಂದು ಬಡಾವಣೆ ಕಿಲಿಮಾನಿಯಿಂದ ನನ್ನ ಸಹೋದ್ಯೋಗಿ ಶೆಣೈ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಮಂಗಳೂರಿನವನು. ಒಳ್ಳೆಯ ಉದ್ದೇಶದಿಂದ ಕೆಟ್ಟ ಕೆಲಸ ಮಾಡುವುದರಲ್ಲಿ ನಿಸ್ಸೀಮ.

"ನಿಮ್ಮ ಪರಿಸ್ಥಿತಿಗೆ ಸರಿಯಾದ ಸಿನಿಮಾ ತಂದಿದ್ದೇನೆ ಮಾರಾಯ್ರೆ. ಹಳೇ ಬ್ರಿಟಿಷ್ ಸಸ್ಪೆನ್ಸ್. ಕಪ್ಪು ಬಿಳುಪು ಅಂತ ಬೇಜಾರು ಮಾಡ್ಬೇಡಿ, ನಿಮಗೆ ಹೇಗೂ ವ್ಯತ್ಯಾಸ ಗೊತ್ತಾಗುದಿಲ್ಲ."

"ಏನಪ್ಪಾ ಕಥೆ?"

"ಒಬ್ಬ ಸಾಹೇಬನಿಗೆ ಕಣ್ಣು ಹೋಗ್ತದೆ. ಮನೆಯವರೆಲ್ಲ ತುಂಬಾ ಪ್ರೀತಿಯಿಂದ ನೋಡಿಕೊಳ್ತಾರೆ. ಅದೇ ಅವನಿಗೆ ಡೌಟು."

ದಿಂಬಿಗೆ ಹಣೆಯಿಟ್ಟು ನಾನು ಆ ಸಿನಿಮಾವನ್ನು ಕೇಳಿದೆ. ಪಿಟೀಲಿನ ಎಳೆತ... ಬಾಗಿಲು ಕಿರ್ರೆನ್ನುವುದು... ಸಾಹೇಬನ ಏದುಸಿರು. ನಡುನಡುವೆ ಶೆಣೈಯ ವಿವರಣೆ: "ಈಗ ಅವನ ಹಿಂದೆ ಯಾರೋ ನಿಂತಿದ್ದಾರೆ. ಪಾಪ, ಅವನಿಗೆ ಗೊತ್ತಿಲ್ಲ." ಮುಕ್ಕಾಲು ಮುಗಿಯುವಷ್ಟರಲ್ಲಿ ಅವನ ಟ್ಯಾಕ್ಸಿ ಬಂತು. ಉಳಿದದ್ದು ಇನ್ನೊಂದು ದಿನಕ್ಕೆ ಎಂದು ಲ್ಯಾಪ್‌ಟಾಪ್ ಮಡಚಿಕೊಂಡು ಹೊರಟುಬಿಟ್ಟ.

ನಾನು ದಿಂಬಿನೊಂದಿಗೆ ಒಬ್ಬನೇ ಉಳಿದೆ. ನೈರೋಬಿಯಲ್ಲಿ ಏಳಕ್ಕೆಲ್ಲ ಗಾಢ ಕತ್ತಲೆ. ಎಲ್ಲೋ ಜನರೇಟರ್ ಗುನುಗುತ್ತಿತ್ತು. ಮಾತಾಡುವ ಗಡಿಯಾರದ ಗುಂಡಿ ಒತ್ತಿದೆ. ಎಂಟಕ್ಕೆ ಎರಡು ನಿಮಿಷ.

ಆಗ ಗದ್ದದ ಕೆಳಗೆ ಒಂದು ಬೆರಳು ಬಂತು.

ಮೃದುವಾಗಿ ನನ್ನ ಮುಖವನ್ನು ಎತ್ತಿತು. ಕಣ್ಣಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಟೇಪು... ಚರ್‍ರ್... ನಿಧಾನವಾಗಿ ಬಿಚ್ಚಿಕೊಂಡಿತು. ತಣ್ಣನೆಯ ಬೆರಳು ರೆಪ್ಪೆ ಬಿಡಿಸಿತು. ಹನಿ ಬಿತ್ತು. ಹತ್ತಿ ಕೆನ್ನೆ ಒರೆಸಿತು. ಟೇಪು ಮತ್ತೆ ಅಂಟಿತು.

"ಅಸಾಂಟೆ" ಎಂದು ಧನ್ಯವಾದ ಹೇಳಿ ಮತ್ತೆ ದಿಂಬಿಗೆ ಹಣೆ ಹಚ್ಚಿದೆ. ಯಾರೆಂದು ಕೇಳಲಿಲ್ಲ. ಕಣ್ಣು ಚೆನ್ನಾಗಿದ್ದಾಗಲೂ ಬಡಿಸುವವರ ಮುಖ ನೋಡುವ ಅಭ್ಯಾಸ ನನಗಿರಲಿಲ್ಲ.

ಹತ್ತು ನಿಮಿಷ ಕಳೆದಿರಬೇಕು. ಈರುಳ್ಳಿ, ಸೋಪಿನ ವಾಸನೆ...

"ಮ್ಜೇ... ಮಾಚೊ."

"ಈಗ ತಾನೇ ಹಾಕಿದೆಯಲ್ಲ?"

"ಇಲ್ಲ ಮ್ಜೇ. ಈಗ ತಾನೇ ಬಂದೆ."

ಆಗ ಹೊಳೆಯಿತು: ಮೊದಲು ಬಂದ ಬೆರಳಿಗೆ ವಾಸನೆಯೇ ಇರಲಿಲ್ಲ. ಈರುಳ್ಳಿಯದೂ ಇಲ್ಲ, ಸೋಪಿನದೂ ಇಲ್ಲ, ಮನುಷ್ಯರದೂ ಇಲ್ಲ.

ಸಾಮಾನ್ಯ ಮನುಷ್ಯ ಇಲ್ಲಿ ದೆವ್ವಕ್ಕೆ ಹೆದರುತ್ತಾನೆ. ನಾನು ವಿದ್ಯಾವಂತ, ಹಾಗಾಗಿ ಆಗ್ನೆಸ್‌ಗೆ ಹೆದರಿದೆ. ದೆವ್ವವೆಂಬುದಿಲ್ಲ, ಬಂದವಳು ಅವಳೇ. ಮೊದಲು ವಾಸನೆ ಬರದಂತೆ ಕೈ ತೊಳೆದು ಬಂದು ಬೇರೇನನ್ನೋ ಕಣ್ಣಿಗೆ ಹಾಕಿ, ಆಮೇಲೆ ಏನೂ ಅರಿಯದವಳಂತೆ ಬಂದಿದ್ದಾಳೆ. ಯಾಕೆ? ಕಾರಣವೊಂದು ಬೇಕು ಎಂದು ನನಗೆ ಅನ್ನಿಸಲೇ ಇಲ್ಲ.

ಶನಿವಾರವಿಡೀ ಅವಳನ್ನು ಕಿವಿಯಿಂದ ಹಿಂಬಾಲಿಸಿದೆ. ಹನಿಗೆ ಬೇರೆ ದಾರಿಯಿರಲಿಲ್ಲ, ಹಲ್ಲು ಕಚ್ಚಿ ಅವಳ ಕೈಯಿಂದಲೇ ಹಾಕಿಸಿಕೊಂಡೆ. ಫ್ರಿಜ್ ಎಷ್ಟು ಸಲ ತೆರೆದಳು? ಫೋನಿನಲ್ಲಿ ದನಿ ತಗ್ಗಿಸಿದ್ದೇಕೆ? ಚಹಾ ಕಹಿಯೆನಿಸಿತು. ಸಾರನ್ನು ಮುಟ್ಟಲಿಲ್ಲ. ವಿಮಲಾ ಫೋನ್ ಮಾಡಿ, "ಆಗ್ನೆಸ್ ಇದಾಳಲ್ಲ, ಅದಕ್ಕೇ ನಿಶ್ಚಿಂತೆ ಕಣ್ರೀ" ಎಂದಾಗ ಪಾಪ, ಇವಳಿಗೇನು ಗೊತ್ತು ಎಂದುಕೊಂಡೆ. ಕಡೆಗೆ ಶೆಣೈಗೆ ಫೋನ್ ಮಾಡಿದೆ.

"ಆ ಸಿನಿಮಾದಲ್ಲಿ ಕೊನೆಗೆ ಏನಾಗುತ್ತೆ? ಸಾಹೇಬನಿಗೆ ಬರೀ ಭ್ರಮೆಯೋ?"

"ಎಂತ ಭ್ರಮೆ ಮಾರಾಯ್ರೆ! ಅವನ ಡೌಟೆಲ್ಲ ಸರಿಯೇ ಇತ್ತು."

ಆ ಬಡಾವಣೆಯಲ್ಲಿ ಕೆಲಸದವರು ಹೊರಗೆ ಹೋಗುವಾಗ ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸುವುದು ಪದ್ಧತಿ. ಆಗ್ನೆಸ್‌ಗೆ ಮಾತ್ರ ಅದು ಬೇಡವೆಂದು ವಿಮಲಾ ಎಂಟು ವರ್ಷದ ಹಿಂದೆಯೇ ಕಾವಲುಗಾರನಿಗೆ ಹೇಳಿದ್ದಳು. ಭಾನುವಾರ ಬೆಳಿಗ್ಗೆ ಅವಳು ಚರ್ಚಿಗೆ ಹೊರಟಾಗ ನಾನು ತಲೆ ತಗ್ಗಿಸಿಕೊಂಡು, ಗೋಡೆ ಸವರಿಕೊಂಡು ಜಗಲಿಗೆ ಬಂದೆ. ಕಾವಲುಗಾರ ಜೋಸೆಫ್‌ನನ್ನು ಕರೆದೆ.

"ಅವಳ ಚೀಲ ನೋಡು. ಎಲ್ಲ ತೆಗೆ. ಒಂದೊಂದನ್ನೂ ಗಟ್ಟಿಯಾಗಿ ಹೇಳು, ನನಗೆ ಕಾಣುವುದಿಲ್ಲ."

ಜೋಸೆಫ್ ಗಂಟಲು ಸರಿಮಾಡಿಕೊಂಡ. ಆಮೇಲೆ ಹರಾಜು ಕೂಗುವವನ ಹಾಗೆ ಶುರುಮಾಡಿದ.

"ಛತ್ರಿ, ಮ್ಜೇ. ಪ್ರಾರ್ಥನೆ ಪುಸ್ತಕ. ಕನ್ನಡಕ... ಒಂದು ಕಡ್ಡಿ ಮುರಿದಿದೆ. ಬಾಚಣಿಗೆ. ಅರ್ಧ ಪಪ್ಪಾಯಿ..."

"ನೀವೇ ಕೊಟ್ಟದ್ದು" ಎಂದಳು ಆಗ್ನೆಸ್.

"ಸೀಸೆ? ಸಣ್ಣ ಸೀಸೆ ಇದೆಯಾ?"

"ಇಲ್ಲ ಮ್ಜೇ. ಮತ್ತೆ... ಇದು ಹೆಂಗಸರ ಒಳಬಟ್ಟೆ, ಮ್ಜೇ. ಹೇಳಲೇ?"

ಪಕ್ಕದ ಮನೆಯ ಡ್ರೈವರ್ ಕಾರು ತೊಳೆಯುತ್ತಿದ್ದ. ನೀರಿನ ಸದ್ದು ನಿಂತಿತು. ಅವನು ನೋಡುತ್ತಿದ್ದಾನೆಂದು ತಿಳಿಯಲು ಕಣ್ಣು ಬೇಕಿರಲಿಲ್ಲ.

ಆಗ್ನೆಸ್ ಕೂಗಾಡಲಿಲ್ಲ. ಒಂದೊಂದೇ ಸಾಮಾನನ್ನು ಚೀಲಕ್ಕೆ ತುಂಬಿಕೊಂಡಳು. ಮನೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿದಳು.

"ಏನು ಬೇಕೆಂದು ನನ್ನನ್ನೇ ಕೇಳಿದ್ದರೆ ನಾನೇ ಹುಡುಕಿ ಕೊಡುತ್ತಿದ್ದೆ, ಮ್ಜೇ. ಎಂಟು ಗಂಟೆಯದು ಮರೆಯಬೇಡಿ."

ಗೇಟು ಮುಚ್ಚಿಕೊಂಡಿತು.

ಮಧ್ಯಾಹ್ನದ ಹನಿಗಳನ್ನು ಶೆಣೈ ಬಂದು ಹಾಕಿದ. ರಾತ್ರಿ ಮಲಗಲು ಬಟ್ಟೆ ತರುತ್ತೇನೆಂದು ಮನೆಗೆ ಹೋದ. ನಾನು ಒಳಗಿನಿಂದ ಚಿಲಕ ಹಾಕಿ, ಕಬ್ಬಿಣದ ಸರಳಿನ ಬಾಗಿಲಿಗೆ ಬೀಗ ಜಡಿದೆ. ಕಿಟಕಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಬೀಗದ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ದಿಂಬಿಗೆ ಹಣೆಯೂರಿದೆ. ಯುದ್ಧಕಾಲದ ಕೋಟೆಗೂ ಇಷ್ಟು ಭದ್ರತೆ ಇದ್ದಿರಲಾರದು.

ಎಂಟಕ್ಕೆ ಹತ್ತು ನಿಮಿಷವಿರುವಾಗ ಫೋನ್ ಬಂತು.

"ಟ್ಯಾಕ್ಸಿ ಅಲ್ಲಾಡುದಿಲ್ಲ ಮಾರಾಯ್ರೆ! ಎದುರಿಗೆ ಎರಡು ಮಟಾಟು ವ್ಯಾನು ಗುದ್ದಿಕೊಂಡು ನಿಂತಿದೆ, ಒಳಗಿನ ಜನ ಎಲ್ಲ ರಸ್ತೆಯಲ್ಲಿ. ಅರ್ಧ ಗಂಟೆ ಆದೀತು. ಹನಿಗೆ ಎಂತ ಮಾಡುದು?"

ಎಂತ ಮಾಡುವುದು... ಸೀಸೆ ಅಡುಗೆಮನೆಯ ಫ್ರಿಜ್ಜಿನಲ್ಲಿತ್ತು. ತಡಕಾಡಿ ತಂದರೂ ಹನಿ ಮೀಸೆಗೆ ಬೀಳುತ್ತದೆ. ಉಳಿದಿರುವುದು ಒಂದೇ ಕಣ್ಣು. ಅದನ್ನು ಕಾಯುತ್ತಿದ್ದವಳನ್ನು ಬೆಳಿಗ್ಗೆಯಷ್ಟೇ ನಾನೇ ಓಡಿಸಿದ್ದೆ.

ಫ್ರಿಜ್ಜಿನ ಬಾಗಿಲು ತೆರೆದುಕೊಂಡಿತು.

ರಬ್ಬರು ಬಿಟ್ಟುಕೊಳ್ಳುವ ಆ ಸಣ್ಣ ಸದ್ದು ನಿಮಗೂ ಗೊತ್ತು. ಆಮೇಲೆ ಮುಚ್ಚಿಕೊಂಡಿತು. ಮರದ ನೆಲದ ಮೇಲೆ ಏನೂ ಕೇಳಿಸಲಿಲ್ಲ... ಏನೂ... ಮೂಗಿಗೂ ಏನೂ ಇಲ್ಲ.

ಗದ್ದದ ಕೆಳಗೆ ತಣ್ಣನೆಯ ಬೆರಳು.

ನಾನು ಕಿರುಚಲಿಲ್ಲ. ಆಗಲಿಲ್ಲ. ಟೇಪು ಚರ್‍ರ್ ಎಂದಿತು. ಎಡಗಣ್ಣನ್ನು ಪೂರ್ತಿ ತೆರೆದೆ. ಅದಕ್ಕೆ ದೀಪದ ಬೆಳಕು ಕಂಡಿತು, ಬೆಳಕಿಗೆ ಅಡ್ಡವಾಗಿ ಏನೂ ಕಾಣಲಿಲ್ಲ. ಎದುರು ಯಾರಾದರೂ ಬಾಗಿ ನಿಂತಿದ್ದರೆ ಆ ಬೆಳಕು ಮಂಕಾಗಬೇಕಿತ್ತು. ಆಗಲಿಲ್ಲ. ಹನಿ ಬಿತ್ತು, ನೇರವಾಗಿ, ಒಂದೇ ಒಂದು. ಕೆನ್ನೆ ಒರೆಸಿತು. ಟೇಪನ್ನು ಕಿವಿಯ ಕಡೆಗೆ ಸವರಿ ಅಂಟಿಸಿ, ತಲೆಯನ್ನು ಮಗುವಿನದರಂತೆ ದಿಂಬಿನ ಮೇಲೆ ಮಲಗಿಸಿತು.

ಶೆಣೈಯ ಟ್ಯಾಕ್ಸಿ ಬಂದು ಹಾರ್ನ್ ಹಾಕಿದಾಗ ಬೀಗ ತೆಗೆಯಲು ನನಗೆ ಬಹಳ ಹೊತ್ತು ಹಿಡಿಯಿತು.

"ಹನಿ?"

"ಆಯಿತು."

"ಯಾರು ಹಾಕಿದ್ದು?"

"ನಾನೇ."

ಅವನು ಹತ್ತಿರ ಬಂದು ನೋಡಿದ. "ಅಬ್ಬ! ಕಣ್ಣು ಕಾಣದೆ ಟೇಪು ಇಷ್ಟು ಚಂದ ಅಂಟಿಸಿದ್ದೀರಲ್ಲ!" ನನ್ನ ಕೈಚಳಕವನ್ನು ಆ ವಾರವಿಡೀ ಆಫೀಸಿನಲ್ಲಿ ಹೊಗಳಿದನಂತೆ. ಮಿಕ್ಕ ರಾತ್ರಿಗಳು ಅವನು ನಮ್ಮಲ್ಲೇ ಇದ್ದು ಹನಿ ಹಾಕಿದ. ಮತ್ತೇನೂ ಆಗಲಿಲ್ಲ.

ಕಣ್ಣು ಉಳಿಯಿತು.

ಎರಡು ತಿಂಗಳ ಮೇಲೆ ವಿಮಲಾ ಬಂದಳು. ಆಗ್ನೆಸ್ ಎಲ್ಲಿ ಎಂದಳು. ತಪ್ಪು ತಿಳಿವಳಿಕೆಯಾಯಿತು ಎಂದೆ. ವಿಮಲಾ ಜೋಸೆಫ್‌ನನ್ನು ವಿಚಾರಿಸಿ ಪೂರ್ತಿ ವರದಿ ತೆಗೆದುಕೊಂಡಳು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, "ಹೋಗಿ ಕ್ಷಮೆ ಕೇಳಿ ಬನ್ನಿ" ಎಂದಳು. ಆಗ್ನೆಸ್ ರುಂಡಾ ಬಡಾವಣೆಯಲ್ಲಿ ಒಂದು ಮನೆಗೆ ಕೆಲಸಕ್ಕೆ ಸೇರಿದ್ದಳು. ಹೋದೆ. ಗೇಟಿನ ಹೊರಗೆ ನಿಂತು, ಅವಳ ಭಾಷೆಯಲ್ಲೇ "ಪೋಲೆ ಸಾನಾ" ಎಂದೆ. ಮುಖ ನೋಡಿ ಹೇಳಿದೆ. ಅವಳ ಎಡಹುಬ್ಬಿನ ಮೇಲೊಂದು ಮಚ್ಚೆ ಇರುವುದು ಎಂಟು ವರ್ಷದಲ್ಲಿ ಅಂದೇ ಕಂಡದ್ದು.

"ಆಗಲಿ ಮ್ಜೇ. ನಾನು ಹೋದ ರಾತ್ರಿ ಹನಿ ಯಾರು ಹಾಕಿದರು?"

ಇಷ್ಟು ಹೇಳಿದ್ದರೆ ಸಾಕಿತ್ತು: ನೀನಿಲ್ಲದಾಗಲೂ ಅದು ಬಂತು, ಹಾಗಾಗಿ ಅಂದು ಬಂದದ್ದು ನೀನಲ್ಲ. ಅವಳ ಹೆಸರನ್ನು ತೊಳೆಯಲು ನನ್ನಲ್ಲಿದ್ದದ್ದು ಅದೊಂದೇ ಮಾತು. ಆದರೆ ಅರವತ್ತು ಸಮೀಪಿಸಿದ ಗೌರವಸ್ಥ, ರುಂಡಾದ ಗೇಟಿನಲ್ಲಿ ನಿಂತು ದೆವ್ವದ ವಿಷಯ ಮಾತಾಡುವುದೇ?

"ಶೆಣೈ" ಎಂದೆ.

ಅವಳು ನನ್ನ ಬಲಗಣ್ಣನ್ನು ನೋಡಿದಳು.

"ಆ ಶುಕ್ರವಾರ ನಾನು ಬಾಗಿಲಿಗೆ ಬಂದಾಗ ನೀವು ಯಾರಿಗೋ ಅಸಾಂಟೆ ಎಂದಿರಿ. ಯಾರದೋ ಫೋನಿರಬೇಕೆಂದು ಹತ್ತು ನಿಮಿಷ ಹೊರಗೇ ನಿಂತೆ. ಒಳಗೆ ಬಂದರೆ ಫೋನೂ ಇಲ್ಲ, ಯಾರೂ ಇಲ್ಲ; ಅದನ್ನು ಆಮೇಲೆ ಹೇಳೋಣ ಅಂದುಕೊಂಡೆ. ಹೇಳಿದ್ದರೆ ನಂಬುತ್ತಿದ್ದಿರಾ?"

ನಾನು ಕಾರು ಹತ್ತಿದೆ. ಆಗ್ನೆಸ್‌ಗೆ ಕನ್ನಡ ಓದಲು ಬಾರದು ಎಂಬ ಧೈರ್ಯದ ಮೇಲೆಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಈಗಲೂ ರಾತ್ರಿ ಒಂದು ಹನಿ ಇದೆ, ಕಣ್ಣಿನ ಒತ್ತಡಕ್ಕೆ. ಕನ್ನಡಿಯ ಮುಂದೆ ನಿಂತು ನಾನೇ ಹಾಕಿಕೊಳ್ಳುತ್ತೇನೆ, ಎಲ್ಲ ದೀಪ ಹಾಕಿಕೊಂಡು. ಆದರೆ ಹನಿ ಬಿದ್ದ ಕೂಡಲೇ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ... ಒಂದು ಕ್ಷಣ.

ಮೊನ್ನೆ ಆ ಕ್ಷಣದಲ್ಲಿ ಯಾರೋ ಹತ್ತಿಯಿಂದ ನನ್ನ ಕೆನ್ನೆ ಒರೆಸಿದರು.

"ವಿಮಲಾ?" ಎಂದೆ.

"ಏನ್ರೀ?" ಎಂದಳು, ದೂರದ ಅಡುಗೆಮನೆಯಿಂದ.

"ಏನಿಲ್ಲ" ಎಂದೆ.