ಗೋಡೆಯಾಚೆಗೆ ಹಬ್ಬಿದ ಸೋರೆಬಳ್ಳಿ

ಈ ಬರಹದಲ್ಲಿ ಕ್ರಮ ತಪ್ಪಿದ್ದರೆ, ಹೇಳಬೇಕಾದುದಕ್ಕಿಂತ ಹೆಚ್ಚಾಗಲಿ ಕಡಿಮೆಯಾಗಲಿ ಹೇಳಿದ್ದರೆ, ಓದುವವರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಕಾಗದದ ಮೇಲೆ ಬರೆಯಲು ಕಲಿತ ಮೊದಲಿಗ ನಾನು. ತಪ್ಪಿದ್ದನ್ನು ತಿದ್ದುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆದುದರಿಂದ ಮೊದಲೇ ಕ್ಷಮೆ ಕೇಳಿಕೊಂಡುಬಿಡುವುದು ನನಗೆ ಅಭ್ಯಾಸವಾಯಿತು. ಆ ಅಭ್ಯಾಸದಿಂದ ಒಮ್ಮೆ ಆದ ಹಾನಿಯೇ ಈ ಬರಹದ ವಿಷಯ.

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ, ಬಿ.ಎ. ಮುಗಿಸಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ದೊರೆತಾಗ, ಯಶವಂತಪುರದ ರೈಲು ನಿಲ್ದಾಣದ ಹಿಂಭಾಗದ ಬೀದಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದೆ. ತಂದೆ ನನ್ನ ಬಾಲ್ಯದಲ್ಲಿಯೇ ತೀರಿಕೊಂಡಿದ್ದರು. ಬ್ಯಾಟರಾಯನಪುರದಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದ ಅವ್ವನನ್ನು ನನ್ನ ಜೊತೆಗೆ ಕರೆತಂದೆ. ಬರಹದಲ್ಲಿ ‘ತಾಯಿಯವರು’ ಎಂದೇ ಬರೆಯಬೇಕೇನೋ. ಆದರೆ ಅವ್ವನನ್ನು ನಾನು ಎಂದೂ ಬಹುವಚನದಲ್ಲಿ ಕರೆದವನಲ್ಲ.

ಊರಿನಲ್ಲಿ ಅವಳು ಹದಿನಾರು ಜನರಿಗೆ ಮುದ್ದೆ ತಿರುವುತ್ತಿದ್ದಳು. ಇಲ್ಲಿ ನಾನು ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆ ಆರಕ್ಕೆ ಹಿಂದಿರುಗುತ್ತಿದ್ದೆ. ನಡುವಿನ ಅಷ್ಟು ಹೊತ್ತೂ ಅವಳೊಬ್ಬಳೇ. ತಿಂಗಳಾದ ಮೇಲೆ, ನನಗೆ ಬಡಿಸುತ್ತಾ ಹೇಳಿದಳು:

“ಇಲ್ಲಿ ಎಲ್ರ ಮನೆ ಬಾಗ್ಲೂ ಮುಚ್ಚೇ ಇರ್ತದಲ್ಲಪ್ಪ. ಮಾತಿಲ್ದೆ ಬಾಯಿ ಅಂಟ್ಕೊಂಡೈತೆ. ಸಂಕ್ರಾಂತಿಗಂಟ ನೋಡ್ತೀನಿ. ಆಗ್ನಿಲ್ಲ ಅಂದ್ರೆ ಊರಿಗೋಯ್ತೀನಿ.”

ಅವಳು ಹೋದರೆ ನಾನೂ ಒಂಟಿಯಾಗುತ್ತೇನೆ ಎಂಬುದು ಆ ಕ್ಷಣವೇ ನನಗೆ ತಿಳಿಯಿತು. ಹೋಗಬೇಡ ಎನ್ನಬೇಕಾಗಿತ್ತು. ಬದಲಾಗಿ, “ಎಲ್ಲ ದೃಷ್ಟಿಯಿಂದಲೂ ಯೋಚಿಸೋಣ” ಎಂದೆ. ಕಚೇರಿಯಲ್ಲಿ ಒಂದು ವರ್ಷವೂ ಕಳೆದಿರಲಿಲ್ಲ. ಆಗಲೇ ನನ್ನ ಮಾತು ಕಡತದ ಮಾತಾಗಿತ್ತು.

ಮನೆಯ ಹಿಂದೆ ನಾಲ್ಕು ಮಂಚ ಹಾಕುವಷ್ಟು ಖಾಲಿ ನೆಲವಿತ್ತು. ಮುಂಗಾರಿನ ಮೊದಲ ಮಳೆಗೆ ಅವ್ವ ಅದನ್ನು ಅಗೆದಳು. ಬಚ್ಚಲಿನ ನೀರು ಬೀದಿಯ ಚರಂಡಿಗೆ ಹೋಗುತ್ತಿದ್ದುದನ್ನು ತಡೆದು, ಹಳೆಯ ಹಂಚಿನ ಚೂರುಗಳಿಂದ ಕಾಲುವೆ ಮಾಡಿ ಪಾತಿಗೆ ತಿರುಗಿಸಿದಳು. ನಾನು ತಂದ ಸೋಪನ್ನು ಗೂಡಿನಲ್ಲಿಟ್ಟು, “ಸೀಗೆಪುಡಿ ಆಕ್ಕೋ, ಗಿಡ ಬಾಡ್ತವೆ” ಎಂದಳು. ಅಕ್ಕಿ ತೊಳೆದ ನೀರು ಕರಿಬೇವಿಗೆ, ಒಲೆಯ ಬೂದಿ ಬದನೆಯ ಎಲೆಗೆ, ಮುಸುರೆ ತೊಳೆದ ನೀರು ದಂಟಿನ ಪಾತಿಗೆ. ನಮ್ಮ ಮನೆಯಿಂದ ಹೊರಗೆ ಬಿಸಾಡಲು ಏನೂ ಉಳಿಯುತ್ತಿರಲಿಲ್ಲ. ಊರಿನಿಂದ ಒಂದು ಒಣಸೋರೆಯ ಬುರುಡೆಯಲ್ಲಿ ಬೀಜಗಳನ್ನು ತಂದಿದ್ದಳು. ಅದರೊಳಗಿನ ಸೋರೆಬೀಜ ಅವಳ ತವರಿನದು. ಅದನ್ನು ಹಿಂಗೋಡೆಯ ಬುಡದಲ್ಲಿ ಊರಿದಳು.

ಆ ಹಿಂಗೋಡೆ ಎದೆಯೆತ್ತರದ ಮಣ್ಣಿನ ಗೋಡೆ. ಅದರಾಚೆಯ ಮನೆಯ ಮುಂಬಾಗಿಲು ಬೇರೆ ಬೀದಿಗೆ ತೆರೆಯುತ್ತಿತ್ತು. ಆ ಮನೆಯವರು ಜಟಕಾ ಓಡಿಸುವವರು, ಮುಸಲ್ಮಾನರು; ಗಂಡ ಹೆಂಡತಿ ಇಬ್ಬರೇ. ಗೋಡೆಗೆ ಒರಗಿಸಿ ತೆಂಗಿನ ಗರಿಯ ಮಾಡು ಹಾಕಿ ಕುದುರೆ ಕಟ್ಟಿದ್ದರು. ಸೋರೆಬಳ್ಳಿ ಗೋಡೆ ಹತ್ತಿದ ದಿನ ಆ ಹೆಂಗಸು ಆಚೆಯಿಂದ ಅವ್ವನನ್ನು ‘ಬುವಾ’, ಅಂದರೆ ಅತ್ತೆ, ಎಂದು ಕರೆದು ಮಾತನಾಡಿಸಿದರಂತೆ. ಮುಂದಿನ ಭಾನುವಾರ ಅವರ ಮಾತು ನನಗೂ ಒಳಗೆ ಕೇಳಿಸಿತು.

“ಬುವಾ, ನಿಮ್ಮ ಬಳ್ಳಿಗೆ ಏನ್ ಹಾಕ್ತೀರಾ? ನಮ್ಮ ಕುದುರೆಗಿಂತ ಜೋರಾಗಿ ಓಡ್ತಾ ಇದೆ.”

“ಬರೀ ಬಚ್ಚಲ ನೀರು ಕಣ್ ತಾಯಿ. ಗೊಬ್ರ ಎಲ್ಲಿಂದ ತರಾನ?”

“ಗೊಬ್ಬರ ಇಲ್ಲಿ ಬೆಟ್ಟ ಇದೆ. ಬುಟ್ಟಿ ಕೊಡಿ.”

ಅಂದಿನಿಂದ ವ್ಯವಹಾರ ಕುದುರಿತು. ಕುದುರೆಯ ಲದ್ದಿ ಈಚೆಗೆ ಬರುತ್ತಿತ್ತು. ದಂಟಿನ ಬೇರು, ಕಾಯಿಯ ಸಿಪ್ಪೆ, ಸೊಗಡಿನ ಅವರೆಯ ಸಿಪ್ಪೆ ಕುದುರೆಗಾಗಿ ಆಚೆಗೆ ಹೋಗುತ್ತಿದ್ದವು. ಬಳ್ಳಿಯ ಬುಡ ನಮ್ಮದು, ಬಿಸಿಲು ಅವರದು. ಏಕೆಂದರೆ ಬಿಸಿಲು ಬೀಳುತ್ತಿದ್ದುದು ಅವರ ಮಾಡಿನ ಮೇಲೆ. ಮೊದಲ ಕಾಯಿಯನ್ನು ಅವ್ವ ಅವರಿಗೇ ಕೊಯ್ಯಹೇಳಿದಳು. ಅತ್ಯುತ್ತಮವಾದ ಒಂದು ಕಾಯಿಯನ್ನು ಬೀಜಕ್ಕೆಂದು ಮಾಡಿನ ಮೇಲೆಯೇ ಬಿಟ್ಟರು. ಅದನ್ನು ಕಾಯುವ ಹೊಣೆ ಆಚೆಯವರದು.

ಒಂದು ದಿನ ಊಟಕ್ಕೆ ಕುಳಿತಾಗ ಅವ್ವನಿಗೆ ಇನ್ನೊಂದು ಸೌಟು ಸಾರು ಹಾಕಹೋದೆ. “ನಕ್ಕೋ” ಎಂದಳು. ಆಚೆಮನೆಯ ಮಾತದು, ಬೇಡ ಎಂದು ಅರ್ಥ. ಹೇಳಿ ತಾನೇ ನಕ್ಕಳು. ಊರಿನ ಸುದ್ದಿ ಅವಳ ಬಾಯಲ್ಲಿ ಕಡಿಮೆಯಾಗಿತ್ತು. ಸಂಕ್ರಾಂತಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇಷ್ಟಕ್ಕೆ ನಾನು ಸುಮ್ಮನಿರಬಹುದಾಗಿತ್ತು. ಆದರೆ ಮನೆ ಕೊಡುವಾಗ ಮಾಲೀಕರು, “ಅಕ್ಕಪಕ್ಕದವರಿಂದ ದೂರು ಬರಬಾರದು, ನೋಡಿ” ಎಂದಿದ್ದರು. ಕಾರ್ತಿಕ ಮಾಸದ ಒಂದು ಭಾನುವಾರ ಹಿತ್ತಲಿನಲ್ಲಿ ನಿಂತು ನೋಡಿದೆ. ಬಳ್ಳಿಯ ಮುಕ್ಕಾಲು ಪಾಲು ಪರರ ಮಾಡಿನ ಮೇಲಿತ್ತು. ಗರಿಗಳು ಭಾರಕ್ಕೆ ಒಂದು ಕಡೆ ತಗ್ಗಿದ್ದವು.

“ಅವ್ವ, ಇದು ಸರಿಯಲ್ಲ. ಅವರ ಮಾಡು ಕುಸಿದರೆ?”

“ಅವ್ಳೇ ಬೊಂಬು ಕೊಟ್ಟು ಆಸರೆ ಕಟ್ಟವ್ಳೆ. ನಿಂಗ್ಯಾಕೆ?”

ಆಚೆಯಿಂದ ಆ ಹೆಂಗಸು, ಮುಖ ಕಾಣಿಸದೆ, ಅವ್ವನಿಗೆ ಹೇಳಿದರು: “ಬುವಾ, ನಿಮ್ಮ ಮಗ ಗೋಡೆ ಕಡೆ ನೋಡೋದೇ ಇಲ್ಲ, ನೋಡಿದ್ರೆ ಪರೀಕ್ಷೆ ಮಾಡೋ ಥರ ನೋಡ್ತಾರೆ. ಗೋಡೆ ಪಾಸಾಯ್ತಾ ಕೇಳಿ.”

ಇಬ್ಬರೂ ನಕ್ಕರು. ಆ ನಗುವಿಗೆ ನಾನು ಒಂದು ಮಾತು ಸೇರಿಸಿದ್ದರೆ ಸಾಕಾಗಿತ್ತು. ಅನ್ಯ ಗೃಹಿಣಿಯೊಡನೆ ಗೋಡೆಯ ಮೇಲಿನಿಂದ ಮಾತನಾಡುವುದು ಸಭ್ಯತೆಯಲ್ಲವೆಂದು ಎಣಿಸಿ ಒಳಗೆ ಹೋದೆ. ಮರುದಿನ ಕಚೇರಿಯ ಊಟದ ವಿರಾಮದಲ್ಲಿ ಆ ಮನೆಯ ಯಜಮಾನರಿಗೆ ಒಂದು ಪತ್ರ ಬೆರಳಚ್ಚು ಮಾಡಿದೆ.

ಪತ್ರ ಇಂಗ್ಲಿಷಿನಲ್ಲಿತ್ತು, ಅದೇ ಗೌರವವೆಂದು ಭಾವಿಸಿದ್ದೆ. ಮೇಲೆ ದಿನಾಂಕ, ವಿಷಯ. ತಮ್ಮ ಸ್ವತ್ತಿನ ಮೇಲೆ ಆಗಿರುವ ಅತಿಕ್ರಮಣಕ್ಕಾಗಿ ವಿಷಾದಿಸುತ್ತೇನೆ, ತಮಗೆ ಆಕ್ಷೇಪಣೆ ಇದ್ದಲ್ಲಿ ಒಂದು ವಾರದೊಳಗೆ ಅದನ್ನು ತೆರವುಗೊಳಿಸಲಾಗುವುದು ಎಂದು ಬರೆದೆ. ಮೂರು ಸಲ ಓದಿ ವ್ಯಾಕರಣ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡೆ. ಒಂದೇ ಗೋಡೆಯ ಆಚೆಗಿರುವ ಮನೆಗೆ ಅದನ್ನು ಅಂಚೆಯಲ್ಲಿ ಕಳುಹಿಸಿದೆ. ಅವ್ವನಿಗೆ ಹೇಳಲಿಲ್ಲ.

ಆ ವಾರವೇ ಒಂದು ಸಂಜೆ ಹಿಂದಿರುಗಿದಾಗ ಅವ್ವ ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಗೋಡೆಯಾಚೆ ಮಾಡು ಇರಲಿಲ್ಲ. ಗರಿ, ಬೊಂಬು, ಕುದುರೆ ಯಾವುದೂ ಇರಲಿಲ್ಲ. ಬಳ್ಳಿಯನ್ನು ಗೋಡೆಯ ಗುಂಟ ನೇರವಾಗಿ ಕೊಯ್ದಿದ್ದರು. ಕೊಯ್ದ ಭಾಗವನ್ನೂ ಎಸೆಯದೆ ಸುರುಳಿ ಸುತ್ತಿ ಈಚೆಗೆ ಇಳಿಬಿಟ್ಟಿದ್ದರು. ಎಲೆಗಳು ಆಗಲೇ ಸೊರಗಿದ್ದವು. ಬೀಜಕ್ಕೆ ಬಿಟ್ಟಿದ್ದ ಕಾಯಿ ಗೋಡೆಯ ಮೇಲೆ, ಒಂದು ಹಳೆಯ ಬಟ್ಟೆಯ ಸಿಂಬೆಯ ಮೇಲೆ ಕುಳಿತಿತ್ತು.

“ಕರೆದ್ರೂ ಓಗೊಡ್ನಿಲ್ಲ,” ಅಂದಳು ಅವ್ವ. “ನಾನೇನಂದ್ನೋ ಅವ್ಳಿಗೆ, ಗ್ಯಾಪ್ನ ಮಾಡ್ಕಂಡು ಮಾಡ್ಕಂಡು ಸಾಕಾಯ್ತು. ಬೀಜ ವಾಪಸ್ ಇಟ್ಟವ್ಳೆ ನೋಡಪ್ಪ.”

ಕೊಟ್ಟ ಬೀಜವನ್ನು ಹಿಂದಿರುಗಿಸುವುದು ನಮ್ಮ ಕಡೆ ಇಲ್ಲ. ಬಿತ್ತುತ್ತಾರೆ, ಅಥವಾ ಮತ್ತೊಬ್ಬರಿಗೆ ಕೊಡುತ್ತಾರೆ. ಹಿಂದಿರುಗಿಸಿದರೆ, ಇನ್ನು ನಿಮಗೂ ನಮಗೂ ಕೊಡುವುದು ಕೊಳ್ಳುವುದು ಇಲ್ಲ ಎಂದು ಅರ್ಥ.

ನಾನು ಷರ್ಟು ಬದಲಿಸದೆಯೇ ಸುತ್ತುಬಳಸಿ ಆ ಇನ್ನೊಂದು ಬೀದಿಗೆ ಹೋದೆ. ಅಷ್ಟು ತಿಂಗಳಲ್ಲಿ ಆ ಮನೆಯ ಮುಂಬಾಗಿಲನ್ನು ನೋಡಿದ್ದು ಅದೇ ಮೊದಲು. ಜಟಕಾದವರು ನನಗಿಂತ ಇಪ್ಪತ್ತು ವರ್ಷ ಹಿರಿಯರು. ನನ್ನನ್ನು ಕಂಡೊಡನೆ ಎದ್ದು ನಿಂತು, ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟರು.

“ತೆಗೆದುಬಿಟ್ಟಿದೀನಿ ಸಾರ್. ವಾರ ಆಗೋದ್ರೊಳಗೇ ತೆಗೆದಿದೀನಿ. ಕುದುರೆನ ಸ್ಟೇಷನ್ ಹತ್ರ ಕಟ್ತಿದೀನಿ.”

“ನಾನು ನಿಮ್ಮ ಮಾಡಿನ ವಿಷಯ ಬರೆದಿರಲಿಲ್ಲ. ನಮ್ಮ ಬಳ್ಳಿಗಾಗಿ ಕ್ಷಮೆ ಕೇಳಿದ್ದೆ.”

ಅವರು ಗೂಡಿನಿಂದ ಕಾಗದ ತೆಗೆದರು. ನಾಲ್ಕು ಮಡಿಕೆ ಹಾಕಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

“ಸ್ಟೇಷನ್‌ನಲ್ಲಿ ಓದಿಸಿದೆ ಸಾರ್. ಅತಿಕ್ರಮಣ, ಒಂದು ವಾರ, ತೆರವು, ಅಂದ್ರು. ನಿಮ್ಮ ಗೋಡೆಗೆ ಒರಗಿಸಿದ ಮಾಡೇ ಇರ್ಬೇಕು ಅಂದ್ಕೊಂಡ್ವಿ. ನಾವು ಮೊದಲಿದ್ದ ಜಾಗದಲ್ಲೂ ಇಂಥದ್ದೇ ಟೈಪ್ ಕಾಗದ ಬಂದಿತ್ತು. ಆಗ ತಡ ಮಾಡಿದ್ವಿ. ಸಾಮಾನೆಲ್ಲ ಬೀದಿಗೆ ಬಂತು.” ಕಾಗದವನ್ನು ಮತ್ತೆ ಮಡಿಸುತ್ತಾ ಕೇಳಿದರು: “ಮಾಫಿ ಕೇಳೋಕ್ಕೆ ಯಾರಾದ್ರೂ ಟೈಪ್ ಮಾಡ್ತಾರಾ ಸಾರ್?”

ಬಾಗಿಲ ಪರದೆಯ ಹಿಂದಿನಿಂದ ಅವರ ಹೆಂಡತಿ ಮೆಲ್ಲಗೆ ಹೇಳಿದರು: “ನಮ್ದು ಅಲ್ಲದ್ದು ಯಾವ್ದೂ ಇಟ್ಕೊಂಡಿಲ್ಲ, ಸಾರ್. ಬೀಜದ ಕಾಯಿ ಕೂಡ ಇಟ್ಟಿದೀವಿ.”

ಬುವಾನ ಮಗ ಎಂದು ಪರಿಹಾಸ ಮಾಡಿದ್ದವರು ನನ್ನನ್ನು ‘ಸಾರ್’ ಎಂದರು. ಮಾಡನ್ನು ಮತ್ತೆ ಹಾಕಿಕೊಳ್ಳಿರೆಂದು ಬೇಡಿದೆ. ಯಜಮಾನರು ಬೇಡವೆಂದು ತಲೆಯಾಡಿಸಿದರು. ಇನ್ನೊಂದು ಕಾಗದ ಬರುವುದಿಲ್ಲವೆಂದು ನಾನು ಬರೆದುಕೊಡುತ್ತೇನೆಂದೆ. ಹೇಳಿದ ಮೇಲೆ ಆ ಮಾತು ಎಂಥದ್ದೆಂದು ನನಗೇ ಕೇಳಿಸಿತು.

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ.

“ಕಾಗ್ದ ಬರ್ದ್ಯಾ,” ಎಂದಳು. “ನಾನು ಇಲ್ಲೇ ಇದ್ನಲ್ಲಪ್ಪ. ನಂಗೆ ಒಂದ್ ಮಾತು ಏಳಿದ್ರೆ ನಾನೇ ಅವ್ಳಿಗೆ ಏಳ್ತಿರ್ನಿಲ್ವಾ?”

ಆ ಹೆಂಗಸು ಆಮೇಲೆ ಎರಡು ಮೂರು ಸಲ ಗೋಡೆಯ ಬಳಿ ಬಂದರು. ತಲೆಯ ಮೇಲೆ ಸೆರಗು ಹೊದ್ದು, ಚೆನ್ನಾಗಿದೀರಾ ಎಂದು ಕೇಳಿ, ಚೆನ್ನಾಗಿದೀವಿ ಎಂದು ಹೇಳಿ ಹೋದರು. ಅವ್ವ ಸೊಪ್ಪಿನ ಬೇರುಗಳನ್ನು ಕೆಲವು ದಿನ ಬುಟ್ಟಿಯಲ್ಲಿ ಕೂಡಿಡುತ್ತಿದ್ದಳು. ತಿನ್ನುವ ಕುದುರೆ ಇರಲಿಲ್ಲ. ಕೊನೆಗೆ ಪಾತಿಯಲ್ಲಿಯೇ ಹೂತಳು. ಊಟದ ಹೊತ್ತಿನಲ್ಲಿ ‘ನಕ್ಕೋ’ ಎಂಬ ಮಾತು ಮತ್ತೆ ಕೇಳಿಸಲಿಲ್ಲ. ಸಾಕು ಎಂದು ಕೈ ಅಡ್ಡ ಹಿಡಿಯುತ್ತಿದ್ದಳು.

ಸಂಕ್ರಾಂತಿಗೆ ಇಬ್ಬರೂ ಬ್ಯಾಟರಾಯನಪುರಕ್ಕೆ ಹೋದೆವು. ಹಬ್ಬದ ಮಾರನೆಯ ದಿನ ನಾನು ಹೊರಟಾಗ ಅವ್ವ ಹೊರಡಲಿಲ್ಲ. ಬೀಜದ ಕಾಯಿಯನ್ನು ಒಡೆದು, ಅರ್ಧ ಬೀಜವನ್ನು ಬೂದಿಯಲ್ಲಿ ಕಲಸಿ ಪೊಟ್ಟಣ ಕಟ್ಟಿಕೊಟ್ಟಳು. ಅಂದು ‘ಹೋಗಬೇಡ’ ಎನ್ನದವನು ನಾನು; ಈ ಸಲ ಹೊರಟವನು ನಾನೇ ಆದ್ದರಿಂದ, ‘ಬಾ’ ಎನ್ನಲು ಅವಕಾಶವಿತ್ತು. “ಬಾರವ್ವ” ಎಂದೆ. ಅವಳು ನನ್ನ ಕೆನ್ನೆ ಮುಟ್ಟಿ, “ಬಿಸ್ಲು ಏರ್ತದೆ, ಒರಡು” ಎಂದಳು.

ಆಮೇಲೆ ನಮ್ಮ ಸಂಸಾರದಲ್ಲಿ ಆದ ಬದಲಾವಣೆ ಇಷ್ಟು. ಎರಡು ಒಲೆಗಳಾದವು. ಅವ್ವ ಚಿಕ್ಕಪ್ಪನ ಮನೆಯಲ್ಲಿಯೇ ಉಳಿದಳು. ನಾನು ಯಶವಂತಪುರದ ಮನೆಯಲ್ಲಿ ಆರು ವರ್ಷ ಒಬ್ಬನೇ ಅಡಿಗೆ ಮಾಡಿಕೊಂಡು ಇದ್ದೆ. ವಾರ ಬಿಟ್ಟು ವಾರ ಭಾನುವಾರದಂದು ಅವಳನ್ನು ನೋಡಿಬರುತ್ತಿದ್ದೆ. ನನ್ನ ಮದುವೆಯಾದ ಮೇಲೂ ಅವಳು ನಮ್ಮಲ್ಲಿ ವಾರಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಜಟಕಾದವರು ಎರಡನೆಯ ವರ್ಷ ಮನೆ ಬಿಟ್ಟು ಹೋದರು, ಎಲ್ಲಿಗೆಂದು ತಿಳಿಯಲಿಲ್ಲ. ನಾನು ಬಚ್ಚಲಿನ ನೀರನ್ನು ಪಾತಿಗೆ ಬಿಡುವುದನ್ನು ನಿಲ್ಲಿಸಲಿಲ್ಲ. ಪ್ರತಿ ಮುಂಗಾರಿಗೂ ಸೋರೆಬೀಜ ಊರುತ್ತಿದ್ದೆ. ಬಳ್ಳಿ ಗೋಡೆ ದಾಟದಂತೆ ಈಚೆಗೇ ಚಪ್ಪರ ಹಾಕುತ್ತಿದ್ದೆ. ಅಲ್ಲಿ ನೆರಳು ಹೆಚ್ಚು. ವರ್ಷಕ್ಕೆ ಎರಡೋ ಮೂರೋ ಕಾಯಿ ಬಿಡುತ್ತಿತ್ತು. ಒಬ್ಬನಿಗೆ ಅಷ್ಟು ಸಾಕಾಗುತ್ತಿತ್ತು.